ಕರುಳಿನ ಕ್ಯಾನ್ಸರ್ ಇರುವ ಮನೆಗೆ ಸ್ಮಾರ್ಟ್ ತೂಕದ ಮಿಷನ್: ತೂಕವನ್ನು ನಂಬಿ, ಕ್ಯಾಲರಿಯನ್ನು ಬಿಡಿ

ಮೇಲೆ ಗಾಜು, ಅದರ ಮೇಲೆ ಪಾದ ಇಡಲು ಲೋಹದ ಪಟ್ಟಿಗಳು, ಕೆಳಗೆ ನಾಲ್ಕು ಕಾಲು, ಫೋನಿಗೆ ಬ್ಲೂಟೂತ್. ಬರಿಗಾಲಲ್ಲಿ ಹತ್ತು ಸೆಕೆಂಡು ನಿಂತರೆ ತೂಕ ಮಾತ್ರವಲ್ಲ, ಕೊಬ್ಬು, ಸ್ನಾಯು, ನೀರು, ಎಲುಬು, 'ದೇಹದ ವಯಸ್ಸು' ಮತ್ತು 'ಬಿಎಂಆರ್' (ಅಲುಗಾಡದೆ ಮಲಗಿದ್ದಾಗ ದೇಹ ಸುಡುವ ಶಕ್ತಿ) ಎಂಬ ಹೆಸರಲ್ಲಿ ಒಂದು ಕ್ಯಾಲರಿ ಸಂಖ್ಯೆ ಫೋನಿನಲ್ಲಿ ಮೂಡುತ್ತದೆ. ಬೆಲೆ ಸುಮಾರು ಸಾವಿರದಿಂದ ಎರಡೂವರೆ ಸಾವಿರ. ಜಿಮ್ಮಿಗೆ ಹೋಗುವ ಹುಡುಗರಿಗಾಗಿ ಬಂದ ಈ ಮಿಷನ್ನು ಈಗ ಕೇರಳ ಗಡಿಯ ನಮ್ಮ ಊರುಗಳಿಂದ ಮಂಗಳೂರಿಗೋ ತಲಶ್ಶೇರಿಗೋ ಕೀಮೋಗೆ ಹೋಗಿಬರುವವರ ಮನೆಗಳಿಗೂ ಬಂದಿದೆ. ಬರಲು ಕಾರಣ ಉಂಟು. "ತೂಕ ಇಳಿಯದ ಹಾಗೆ ನೋಡಿಕೊಳ್ಳಿ" ಎಂದು ಡಾಕ್ಟರು ಹೇಳಿ ಕಳಿಸುತ್ತಾರೆ. ಅದಕ್ಕೆ ಎಷ್ಟು ಉಣ್ಣಿಸಬೇಕು ಎನ್ನುವ ಪ್ರಶ್ನೆ ಮನೆಯವರದ್ದು. ಆ ಪ್ರಶ್ನೆಗೆ ಮಿಷನ್ನು ಒಂದು ಸಂಖ್ಯೆಯನ್ನು ಥಟ್ಟನೆ ತೋರಿಸುತ್ತದೆ. ಆದರೆ ಆ ಸಂಖ್ಯೆ ಆ ಪ್ರಶ್ನೆಯ ಉತ್ತರವೇ ಅಲ್ಲ.

ಇಲ್ಲಿ ಒಂದು ಕಂಪನಿಯನ್ನು ಹಿಡಿದು ಬರೆದಿಲ್ಲ. ಈ ಬೆಲೆಯ ಮಿಷನ್ನುಗಳ ಒಳಗಿನ ಕೆಲಸ ಬಹುಪಾಲು ಒಂದೇ, ಬದಲಾಗುವುದು ಬಣ್ಣ ಮತ್ತು ಆ್ಯಪ್. ದೊಡ್ಡ ಕರುಳು ಅಥವಾ ಗುದನಾಳದ ಕ್ಯಾನ್ಸರಿಗೆ ಚಿಕಿತ್ಸೆಯಲ್ಲಿರುವವರ ಮನೆಯಲ್ಲಿ ಇದು ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬುದಷ್ಟೇ ಇಲ್ಲಿಯ ವಿಚಾರ.

ಮೊದಲು ಕ್ಯಾಲರಿ ಸಂಖ್ಯೆ, ಹೆಚ್ಚು ಹಾನಿ ಆಗುವುದು ಅಲ್ಲೇ. ದೇಹ ವಿಶ್ರಾಂತಿಯಲ್ಲಿ ಎಷ್ಟು ಶಕ್ತಿ ಸುಡುತ್ತದೆ ಎಂದು ನಿಜಕ್ಕೂ ಅಳೆಯಬೇಕಾದರೆ ಉಸಿರನ್ನು ಅಳೆಯಬೇಕು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಲಗಿಸಿ, ತಲೆಯ ಮೇಲೆ ಪಾರದರ್ಶಕ ಹುಡ್ ಇಟ್ಟು, ಇಪ್ಪತ್ತು ಮೂವತ್ತು ನಿಮಿಷ ಒಳಗೆ ಹೋದ ಆಮ್ಲಜನಕವೆಷ್ಟು, ಹೊರಗೆ ಬಂದ ಇಂಗಾಲದ ಡೈಆಕ್ಸೈಡ್ ಎಷ್ಟು ಎಂದು ನೋಡಿ ಲೆಕ್ಕ ಹಾಕುತ್ತಾರೆ. ಇಂಡೈರೆಕ್ಟ್ ಕ್ಯಾಲೊರಿಮೆಟ್ರಿ ಎಂದರೆ ಇದೇ. ಆ ಉಪಕರಣ ಎಲ್ಲ ಆಸ್ಪತ್ರೆಗಳಲ್ಲೂ ಇರುವುದಿಲ್ಲ. ಪಾದದ ಕೆಳಗಿನ ಮಿಷನ್ನಿಗೆ ಉಸಿರಿನ ಸುದ್ದಿಯೇ ಇಲ್ಲ. ಅದು ಹೆಚ್ಚಾಗಿ ನೀವು ಆ್ಯಪ್‌ನಲ್ಲಿ ತುಂಬಿದ ಎತ್ತರ, ವಯಸ್ಸು, ಗಂಡೋ ಹೆಣ್ಣೋ ಎಂಬ ಮಾಹಿತಿಗೆ ತೂಕ ಸೇರಿಸಿ ಸೂತ್ರಕ್ಕೆ ಹಾಕುತ್ತದೆ, ಅಷ್ಟೆ.

ನಂಬಿಕೆ ಬಾರದಿದ್ದರೆ ಮನೆಯಲ್ಲೇ ಪರೀಕ್ಷಿಸಬಹುದು. ಒಮ್ಮೆ ನಿಂತು ಬಿಎಂಆರ್ ಬರೆದುಕೊಳ್ಳಿ. ಆ್ಯಪ್‌ನಲ್ಲಿ ವಯಸ್ಸನ್ನು 60ರಿಂದ 40ಕ್ಕೆ ಇಳಿಸಿ, ಐದು ನಿಮಿಷ ಬಿಟ್ಟು ಮತ್ತೆ ನಿಲ್ಲಿ. ದೇಹ ಅದೇ ಇದ್ದರೂ ಅನೇಕ ಆ್ಯಪ್‌ಗಳಲ್ಲಿ ಬಿಎಂಆರ್ ಏರುತ್ತದೆ. 1990ರ ಮಿಫ್ಲಿನ್-ಸೇಂಟ್ ಜಿಯೋರ್ ಸೂತ್ರದಲ್ಲಿ ವರ್ಷಕ್ಕೆ 5ರಂತೆ 20 ವರ್ಷಕ್ಕೆ ಸರಿಯಾಗಿ 100 ಕಿಲೋಕ್ಯಾಲರಿ (ರೂಢಿಯಲ್ಲಿ 'ಕ್ಯಾಲರಿ' ಎನ್ನುವುದು ಇದನ್ನೇ). ಸೂತ್ರ ಇಷ್ಟೇ: ತೂಕವನ್ನು 10ರಿಂದ ಗುಣಿಸಿ, ಎತ್ತರದ ಸೆಂಟಿಮೀಟರನ್ನು 6.25ರಿಂದ ಗುಣಿಸಿ ಕೂಡಿಸಿ, ವಯಸ್ಸಿನ ಐದು ಪಟ್ಟು ಕಳೆಯಿರಿ. ಗಂಡಸಾದರೆ 5 ಕೂಡಿಸಿ, ಹೆಂಗಸಾದರೆ 161 ಕಳೆಯಿರಿ. 60 ಕಿಲೋ, 165 ಸೆಂ.ಮೀ., 60 ವರ್ಷದ ಗಂಡಸಿಗೆ 1,336 ಬರುತ್ತದೆ. ಕಾಗದ, ಪೆನ್ನು ಇದ್ದರೆ ಸಾಕು, ಎರಡು ಸಾವಿರ ರೂಪಾಯಿ ಬೇಡ.

ಇನ್ನು ದೊಡ್ಡ ಎಡವಟ್ಟು. ಈ 1,336ನ್ನು ನೋಡಿ "ದಿನಕ್ಕೆ ಇಷ್ಟು ತಿಂದರೆ ಸಾಕು" ಎಂದು ಮನೆಯವರು ತಿಳಿಯುತ್ತಾರೆ. ಬಿಎಂಆರ್ ಎಂದರೆ ಅಲುಗಾಡದೆ ಮಲಗಿದ್ದಾಗಿನ ಖರ್ಚು ಮಾತ್ರ. ದಿನದ ಒಟ್ಟು ಖರ್ಚಿನಲ್ಲಿ ಅದರ ಪಾಲು ಸಾಮಾನ್ಯವಾಗಿ 60ರಿಂದ 70 ಶೇಕಡಾ. ಉಂಡದ್ದನ್ನು ಅರಗಿಸಲು ಸುಮಾರು 10 ಶೇಕಡಾ, ಉಳಿದದ್ದು ಏಳುವುದು, ಕೂರುವುದು, ಬಚ್ಚಲಿಗೆ ಹೋಗುವುದು, ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕುವುದಕ್ಕೆ. ಮನೆಯೊಳಗೆ ಓಡಾಡಿಕೊಂಡಿರುವ ರೋಗಿಗೆ 1.3ರಿಂದ ಗುಣಿಸಿದರೂ 1,737 ಆಗುತ್ತದೆ. 1,336ಕ್ಕೇ ನಿಲ್ಲಿಸಿದರೆ ದಿನಕ್ಕೆ 400 ಕಡಿಮೆ, ತಿಂಗಳಿಗೆ 12,000. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲರಿ ಇರುತ್ತದೆ ಎಂದಿಟ್ಟುಕೊಂಡರೆ ತಿಂಗಳಲ್ಲಿ ಒಂದೂವರೆ ಕಿಲೋ ಹೋಯಿತು. ಕ್ಯಾನ್ಸರಿನಲ್ಲಿ ಹೋಗುವುದು ಕೊಬ್ಬು ಮಾತ್ರವಲ್ಲ, ಸ್ನಾಯುವೂ ಕರಗುವುದರಿಂದ ಇಳಿತ ಇನ್ನೂ ಬೇಗ.

ಸರಿ, ಗುಣಿಸಿಕೊಂಡರೆ ಆಯಿತಲ್ಲ ಎನ್ನಬಹುದು. ಅದೂ ಅಷ್ಟು ಸುಲಭವಲ್ಲ. ಕ್ಯಾನ್ಸರ್ ಎಂದರೆ ದೇಹ ಸದಾ ಹೆಚ್ಚು ಉರಿಯುತ್ತಿರುತ್ತದೆ ಎಂಬ ಮಾತು ಕರುಳಿನ ಕ್ಯಾನ್ಸರಿಗೆ ಪೂರ್ತಿ ಹೊಂದುವುದಿಲ್ಲ. ಶ್ವಾಸಕೋಶ, ಮೇದೋಜೀರಕದ ಕ್ಯಾನ್ಸರಿನಲ್ಲಿ ವಿಶ್ರಾಂತಿಯ ಖರ್ಚು ಏರುವುದು ಹೆಚ್ಚು. ದೊಡ್ಡ ಕರುಳಿನದ್ದರಲ್ಲಿ ಅನೇಕರಿಗೆ ಅದು ಆರೋಗ್ಯವಂತರಷ್ಟೇ ಇರುತ್ತದೆ. ರೋಗ ಯಕೃತ್ತಿಗೆ ಹರಡಿದಾಗ ಲೆಕ್ಕ ಬೇರೆ. ಒಂದು ಕಿಲೋ ಯಕೃತ್ತು ದಿನಕ್ಕೆ ಸುಮಾರು 200 ಕಿಲೋಕ್ಯಾಲರಿ ಸುಡುತ್ತದೆ, ಒಂದು ಕಿಲೋ ಸ್ನಾಯು ವಿಶ್ರಾಂತಿಯಲ್ಲಿ ಸುಮಾರು 13, ಒಂದು ಕಿಲೋ ಕೊಬ್ಬು ನಾಲ್ಕೂವರೆ. ಗೆಡ್ಡೆಗಳು ಸೇರಿ ಯಕೃತ್ತು ಅರ್ಧ ಕಿಲೋ ದೊಡ್ಡದಾಗಿ, ಅದೇ ಹೊತ್ತಿಗೆ ಅರ್ಧ ಕಿಲೋ ಸ್ನಾಯು ಕರಗಿದರೆ ತೂಕದ ಮಿಷನ್ನಿನಲ್ಲಿ ಏನೂ ಬದಲಾಗದು. ಒಳಗಿನ ಖರ್ಚು ಮಾತ್ರ ದಿನಕ್ಕೆ ನೂರು ಕಿಲೋಕ್ಯಾಲರಿಯ ಹತ್ತಿರ ಏರಿರುತ್ತದೆ. ಸೂತ್ರಕ್ಕೆ ಇದು ಕಾಣುವ ದಾರಿಯೇ ಇಲ್ಲ. ಜ್ವರ ಬಂದರೆ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಹತ್ತು ಶೇಕಡಾಕ್ಕಿಂತ ತುಸು ಹೆಚ್ಚು ಏರುತ್ತದೆ. ಇದಕ್ಕೆ ಎದುರಾಗಿ, ಸುಸ್ತಾಗಿ ಹಾಸಿಗೆ ಹಿಡಿದವರ ಓಡಾಟದ ಖರ್ಚು ಇಳಿದುಹೋಗಿ ಒಟ್ಟು ಸಂಖ್ಯೆ ಮೊದಲಿನಷ್ಟೇ ಉಳಿಯುವುದೂ ಉಂಟು.

ಕರುಳಿನ ಕ್ಯಾನ್ಸರ್ ಇರುವವರ ದಿನದ ಒಟ್ಟು ಖರ್ಚನ್ನು ಐಸೊಟೋಪ್ (ದೇಹದಲ್ಲಿ ಜಾಡು ಹಿಡಿಯಬಹುದಾದ ಪರಮಾಣು) ಗುರುತು ಇರುವ ನೀರು ಕುಡಿಸಿ ಅಳೆದ ಅಧ್ಯಯನ 2019ರಲ್ಲಿ ಬಂತು. ಸರಾಸರಿ ಕಿಲೋ ತೂಕಕ್ಕೆ 30 ಕಿಲೋಕ್ಯಾಲರಿಯ ಹತ್ತಿರವೇ ಇತ್ತು. ಆದರೆ ಒಬ್ಬರಿಗೆ ದಿನಕ್ಕೆ 1,500 ದಾಟಿದಷ್ಟು ಸಾಕಾದರೆ ಇನ್ನೊಬ್ಬರಿಗೆ 3,600ರಷ್ಟು ಬೇಕಾಗಿತ್ತು. ಅಷ್ಟು ಅಂತರವನ್ನು ಯಾವ ಆ್ಯಪ್‌ನ ಸೂತ್ರವೂ ಹಿಡಿಯದು. ಹಾಗಾಗಿ ಅಳೆಯಲು ಆಗದ ಕಡೆ ಡಯಟೀಷಿಯನ್‌ಗಳು ಕಿಲೋ ತೂಕಕ್ಕೆ 25ರಿಂದ 30 ಕಿಲೋಕ್ಯಾಲರಿ ಎಂದು ಶುರು ಮಾಡುತ್ತಾರೆ. ಪ್ರೋಟೀನ್ ಕಿಲೋಗೆ 1 ಗ್ರಾಮಿಗಿಂತ ಮೇಲೆ, ಸಾಧ್ಯವಾದರೆ ಒಂದೂವರೆಯವರೆಗೆ. ಐವತ್ತು ಕಿಲೋ ಇರುವವರಿಗೆ ದಿನಕ್ಕೆ 1,250ರಿಂದ 1,500, ಪ್ರೋಟೀನ್ 50ರಿಂದ 75 ಗ್ರಾಂ. ಬಡಕಲು ದೇಹದವರಿಗೆ ಈ ಲೆಕ್ಕ ಕಡಿಮೆ ಬೀಳಬಹುದು, ದಪ್ಪ ದೇಹದವರಿಗೆ ಹೆಚ್ಚಾಗಬಹುದು. ಎರಡು ವಾರ ಅಷ್ಟು ಉಂಡೂ ತೂಕ ಇಳಿದರೆ ಆ ದೇಹಕ್ಕೆ ಅದು ಸಾಲುತ್ತಿಲ್ಲ ಎಂದರ್ಥ. ಇನ್ನೂ 300 ಏರಿಸಬೇಕು. ಈ ಎರಡು ವಾರದ ತೀರ್ಪು ಕೊಡುವುದಕ್ಕೆ ಬೇಕಾದದ್ದು ನೆಚ್ಚಬಹುದಾದ ತೂಕ. ಮಿಷನ್ನು ತನ್ನ ಬೆಲೆ ತೀರಿಸುವುದು ಅಲ್ಲಿ.

ಸ್ನಾಯು, ಕೊಬ್ಬಿನ ಶೇಕಡಾ ಸಂಖ್ಯೆಗಳ ಬಗ್ಗೆ ಒಂದು ಮಾತು. ಒಂದು ಪಾದದ ಪಟ್ಟಿಯಿಂದ ಇನ್ನೊಂದಕ್ಕೆ ಅತಿ ಸಣ್ಣ ವಿದ್ಯುತ್ ಹರಿಸಿ, ಅದಕ್ಕೆ ಎಷ್ಟು ತಡೆ ಸಿಕ್ಕಿತು ಎಂದು ಮಿಷನ್ನು ನೋಡುತ್ತದೆ. ಆ ವಿದ್ಯುತ್ತು ಒಂದು ಕಾಲಿನಿಂದ ಹತ್ತಿ ಕಿಬ್ಬೊಟ್ಟೆ ದಾಟಿ ಇನ್ನೊಂದು ಕಾಲಿಗೆ ಇಳಿಯುತ್ತದೆ. ಎದೆ, ತೋಳು ಅದರ ದಾರಿಯಲ್ಲೇ ಇಲ್ಲ. ನೀರಿರುವ ಕಡೆ ತಡೆ ಕಡಿಮೆ, ಅದನ್ನು ಸ್ನಾಯು ಎಂದು ಓದುತ್ತದೆ. ರಕ್ತದಲ್ಲಿನ ಅಲ್ಬುಮಿನ್ ಎಂಬ ಪ್ರೋಟೀನ್ ಇಳಿದು ಕಾಲಲ್ಲಿ ಮೂರು ಕಿಲೋ ನೀರು ತುಂಬಿದವರಿಗೆ "ಸ್ನಾಯು ಹೆಚ್ಚಿದೆ" ಎಂಬ ಸಂದೇಶ ಬರುತ್ತದೆ. ಕೊಬ್ಬಿಲ್ಲದ ತೂಕದಿಂದ ಬಿಎಂಆರ್ ತೆಗೆಯುವ ಆ್ಯಪ್ ಆದರೆ (370ಕ್ಕೆ, ಕೊಬ್ಬಿಲ್ಲದ ಪ್ರತಿ ಕಿಲೋಗೆ 21.6 ಸೇರಿಸುವ ಸೂತ್ರ) ಆ ನೀರಿಗೇ 65 ಕಿಲೋಕ್ಯಾಲರಿ ಲೆಕ್ಕ ಹಾಕುತ್ತದೆ. ನೀರು ಏನನ್ನೂ ಸುಡುವುದಿಲ್ಲ. ಇನ್ನು ಇಲಿಯೋಸ್ಟಮಿ (ಸಣ್ಣ ಕರುಳನ್ನು ಹೊಟ್ಟೆಯ ಮೇಲೆ ತೆರೆದು ಮಲಕ್ಕೆ ಚೀಲ ಕಟ್ಟಿದ್ದು) ಇರುವವರಿಗೆ ರಾತ್ರಿಯಿಡೀ ಚೀಲಕ್ಕೆ ನೀರು ಹೋದರೆ ಬೆಳಿಗ್ಗೆ ತಡೆ ಏರಿ "ಕೊಬ್ಬು ಹೆಚ್ಚಿದೆ" ಎನ್ನುತ್ತದೆ! ಅದನ್ನು ನಂಬಿ ಎಣ್ಣೆ ತೆಂಗಿನಕಾಯಿ ಕಡಿಮೆ ಮಾಡಿದರೆ ಕೆಟ್ಟದ್ದರ ಮೇಲೆ ಕೆಟ್ಟದ್ದು.

ಸ್ನಾಯುವಿನ ಸ್ಥಿತಿ ತಿಳಿಯಬೇಕಾದರೆ ಮಿಷನ್ ಬೇಡ. ಚಿಕಿತ್ಸೆಗಾಗಿ ತೆಗೆಸಿದ ಸಿ.ಟಿ. ಸ್ಕ್ಯಾನ್‌ನಲ್ಲೇ ಸೊಂಟದ ಮೂರನೇ ಕಶೇರುವಿನ ಮಟ್ಟದಲ್ಲಿ ಸ್ನಾಯುವನ್ನು ಅಳೆಯಲು ಬರುತ್ತದೆ, ಆಸ್ಪತ್ರೆಯಲ್ಲಿ ಕೇಳಬಹುದು. ಮನೆಯಲ್ಲಾದರೆ ಟೈಲರ್ ಟೇಪಿನಿಂದ ಮೀನಖಂಡದ ಅತಿ ದಪ್ಪ ಜಾಗದ ಸುತ್ತಳತೆ ತೆಗೆಯಿರಿ. ಗಂಡಸರಿಗೆ 34, ಹೆಂಗಸರಿಗೆ 33 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಸ್ನಾಯು ಕರಗಿರುವ ಶಂಕೆ. ಏಷ್ಯಾದವರಿಗೆಂದು 2019ರಲ್ಲಿ ಹಾಕಿಕೊಂಡ ಗಡಿ ಇದು. ಕೈ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಲು 12 ಸೆಕೆಂಡು ಅಥವಾ ಹೆಚ್ಚು ಬೇಕಾದರೂ ಹಾಗೆಯೇ. ಮೊಣಕಾಲಿನ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದಾಗ ಕುಳಿ ಬಿದ್ದು ಉಳಿದರೆ ಬಾವು ಉಂಟು. ಆಗ ಟೇಪಿನ ಅಳತೆಯೂ ತೂಕವೂ ಸುಳ್ಳು ಹೇಳುತ್ತವೆ. ಟೇಪನ್ನು ತೋಳಿಗೆ ಹಾಕಿ ತಿಂಗಳಿಗೊಮ್ಮೆ ಹೋಲಿಸುವುದು ಮೇಲು. ಅಂಗನವಾಡಿಯ ಕೆಂಪು-ಹಳದಿ-ಹಸಿರು ಪಟ್ಟಿ ಮಕ್ಕಳಿಗಾಗಿ ಮಾಡಿದ್ದು, ಅದರ ಬಣ್ಣ ದೊಡ್ಡವರಿಗೆ ಅನ್ವಯಿಸದು.

ಈಗ ತೂಕ. ಇಲ್ಲಿ ಈ ಮಿಷನ್ನುಗಳಿಗೆ ಒಳ್ಳೆಯ ಅಂಕ ಕೊಡಲೇಬೇಕು. ನಾಲ್ಕು ಮೂಲೆಯ ಸೆನ್ಸರುಗಳು 50 ಅಥವಾ 100 ಗ್ರಾಮಿನ ಹಂತದಲ್ಲಿ ತೋರಿಸುತ್ತವೆ, ರೋಗಿಯ ಮನೆಗೆ ಅದು ಧಾರಾಳ. ಆದರೆ ನಾಲ್ಕು ಕಾಲೂ ಗಟ್ಟಿ ನೆಲಕ್ಕೆ ಊರಿರಬೇಕು. ನಮ್ಮ ಕಡೆಯ ಹಳೆ ಮನೆಗಳ ಕಾವಿ ನೆಲದಲ್ಲಿ ಉಬ್ಬು ತಗ್ಗು ಇರುತ್ತದೆ, ಒಂದು ಕಾಲು ಅರ್ಧ ಮಿಲಿಮೀಟರ್ ಎದ್ದರೂ ಸಂಖ್ಯೆ ತಪ್ಪುತ್ತದೆ. ಮಿಷನ್ನಿನ ಮೂಲೆಗಳನ್ನು ಒಂದೊಂದಾಗಿ ಒತ್ತಿ ನೋಡಿ. ಟಕ್ ಎಂದು ಅಲುಗಿದರೆ ಜಾಗ ಬದಲಿಸಿ. ಚಾಪೆಯ ಮೇಲೆ, ಮ್ಯಾಟಿನ ಮೇಲೆ ಇಡಲೇಬಾರದು. ಸರಿಯಾದ ಜಾಗ ಸಿಕ್ಕಮೇಲೆ ನೆಲಕ್ಕೆ ಚಾಕ್‌ಪೀಸಿನಿಂದ ಗುರುತು ಹಾಕಿ, ಮತ್ತೆ ಅಲ್ಲೇ ಇಡಿ. ಗಂಡುಮಕ್ಕಳು ಕಾಲಿನಿಂದ ಮಂಚದ ಅಡಿಗೆ ತಳ್ಳುವ ಅಭ್ಯಾಸ ಬಿಡಬೇಕು. ಎಳೆದಾಡಿದ ಮೇಲೆ ಮೊದಲ ಸಲ ನಿಂತದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ಸೊನ್ನೆಗೆ ಬಂದ ಮೇಲೆ ಮತ್ತೆ ನಿಲ್ಲಿ.

ಕೆಲವು ಮಿಷನ್ನುಗಳಲ್ಲಿ ಒಂದು ಕಳ್ಳಾಟ ಉಂಟು. ಹಿಂದಿನ ತೂಕಕ್ಕೂ ಈಗಿನದಕ್ಕೂ ವ್ಯತ್ಯಾಸ ಕಡಿಮೆ ಇದ್ದರೆ ಹಳೆಯ ಸಂಖ್ಯೆಯನ್ನೇ ಮತ್ತೆ ತೋರಿಸಿಬಿಡುತ್ತವೆ. "ಎಷ್ಟು ನಿಖರ ನೋಡಿ, ಮೂರು ಸಲವೂ ಒಂದೇ" ಎಂದು ಕೊಂಡವರು ಸಂತೋಷಪಡಲಿ ಎಂದು ಮಾಡಿದ ಏರ್ಪಾಡು. ನಿಧಾನವಾಗಿ ತೂಕ ಇಳಿಯುತ್ತಿರುವ ರೋಗಿಗೆ ಇದರಿಂದ ಇಳಿತವೇ ಮುಚ್ಚಿಹೋಗುತ್ತದೆ. ಹಿಡಿಯುವ ಉಪಾಯ ಸುಲಭ: ಒಮ್ಮೆ ನಿಂತು ಇಳಿಯಿರಿ. ಅರ್ಧ ಲೀಟರಿನ ತುಂಬಿದ ನೀರಿನ ಬಾಟ್ಲಿಯಿಂದ ಒಂದು ಲೋಟ ಚೆಲ್ಲಿ, ಉಳಿದದ್ದನ್ನು ಕೈಯಲ್ಲಿ ಹಿಡಿದು ಮತ್ತೆ ನಿಲ್ಲಿ. ಸುಮಾರು 300 ಗ್ರಾಂ ಏರಬೇಕು. ಏರದಿದ್ದರೆ ನೆನಪಿನ ಆಟ ಅದರಲ್ಲಿ ಉಂಟು ಎಂದು ತಿಳಿಯಿರಿ. ಅಂಥದ್ದರಲ್ಲಿ ಪ್ರತಿ ಸಲ ರೋಗಿಗಿಂತ ಮೊದಲು ಮನೆಯ ಬೇರೆ ಯಾರಾದರೂ ನಿಂತು ಇಳಿಯಬೇಕು.

ತೂಕ ನೋಡುವ ಕ್ರಮ ಹೀಗಿರಲಿ: ವಾರಕ್ಕೆ ಎರಡು ಸಲ, ಬೆಳಿಗ್ಗೆ ಎದ್ದು ಶೌಚ ಮುಗಿಸಿ, ಚಹಾಕ್ಕೆ ಮೊದಲು, ಒಂದೇ ಬಗೆಯ ಲುಂಗಿ ಅಥವಾ ನೈಟಿಯಲ್ಲಿ. ಹೊಟ್ಟೆಯ ಮೇಲೆ ಮಲದ (ಸ್ಟೋಮಾ) ಚೀಲ ಇದ್ದರೆ ಖಾಲಿ ಮಾಡಿಯೇ ನಿಲ್ಲಬೇಕು, ಅರ್ಧ ತುಂಬಿದ್ದರೂ ಕೆಲವು ನೂರು ಗ್ರಾಂ ಸೇರುತ್ತದೆ. ಎರಡು ದಿನ ಕಟ್ಟಿಕೊಂಡಿರುವ ಕೀಮೋ ಪಂಪ್ ಮೈಮೇಲಿದ್ದಾಗ ತೂಕ ನೋಡಬೇಡಿ, ಬಿಚ್ಚಿದ ಮರುದಿನ ನೋಡಿ. ಕಿಟಕಿಯ ಸರಳು ಹಿಡಿದು ನಿಂತರೆ ತೂಕ ಕಡಿಮೆ ಬರುತ್ತದೆ. ಆಧಾರ ಬೇಕಾದವರು ಹತ್ತುವಾಗ, ಇಳಿಯುವಾಗ ಹಿಡಿದು, ನಿಂತ ಮೇಲೆ ಕೈ ಬಿಡಲಿ. ಅಷ್ಟೂ ಆಗದವರಿಗೆ ಈ ಮಿಷನ್ ಬೇಡ, ಟೇಪ್ ಸಾಕು.

ಕೀಮೋದಲ್ಲಿರುವವರ ಪಾದದ ವಿಷಯವನ್ನು ಡಬ್ಬಿಯ ಒಳಗಿನ ಹಾಳೆಯಲ್ಲಿ ಹುಡುಕಬೇಡಿ. ಆಕ್ಸಾಲಿಪ್ಲಾಟಿನ್ ಎಂಬ ಕೀಮೋ ಔಷಧಿ ಪಡೆಯುವವರಿಗೆ ತಣ್ಣಗಿನದು ತಾಗಿದರೆ ಸಾಕು, ಬೆರಳುಗಳಲ್ಲಿ ಜುಮ್ಮು, ಮುಳ್ಳು ಚುಚ್ಚಿದ ಹಾಗೆ ಆಗುತ್ತದೆ. ಆಟಿ ತಿಂಗಳ (ಜುಲೈ-ಆಗಸ್ಟಿನ ಮಳೆಗಾಲದ) ಬೆಳಿಗ್ಗೆ ಗಾಜು, ಲೋಹದ ಮೇಲೆ ಬರಿಗಾಲು ಇಡಿಸಬಾರದು. ಕ್ಯಾಪೆಸಿಟಬೀನ್ ಎಂಬ ಕೀಮೋ ಮಾತ್ರೆಯಿಂದ ಅಂಗಾಲು ಕೆಂಪಾಗಿ ಬಿರಿಯುವುದುಂಟು, ಅಲ್ಲೂ ಅದೇ ಮಾತು. ಉಪಾಯ: ಒಣ ಸಾಕ್ಸ್ ಹಾಕಿಯೇ ನಿಲ್ಲಲಿ. ಕೊಬ್ಬು, ಸ್ನಾಯುವಿನ ಸಂಖ್ಯೆ ಬರುವುದಿಲ್ಲ, ತೂಕ ಬರುತ್ತದೆ. ನಮಗೆ ಬೇಕಾದದ್ದೂ ಅಷ್ಟೇ. ಜೋಮು ಹಿಡಿದ ಪಾದಕ್ಕೆ ಗಾಜಿನ ಮೇಲೆ ಹಿಡಿತ ಸಿಗುವುದಿಲ್ಲವಾದ್ದರಿಂದ ಪಕ್ಕದಲ್ಲಿ ಒಬ್ಬರು ನಿಂತಿರಬೇಕು. ನಯವಾದ ನೈಲಾನ್ ಸಾಕ್ಸ್ ಬೇಡ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಈ ವಿದ್ಯುತ್ ಹರಿಸುವ ಮಿಷನ್ನನ್ನು ಹತ್ತಲೇಬಾರದು, ಅವರಿಗೆ ಸಾದಾ ಮಿಷನ್ನೇ ಆಗಬೇಕು.

ಆ್ಯಪ್‌ಗೆ ನಮ್ಮ ಕಡೆಯಿಂದ ಫೇಲ್ ಅಂಕ. ಅದರ ಮನಸ್ಸಿನಲ್ಲಿ ಇರುವುದು ತೂಕ ಇಳಿಸುವವರು ಮಾತ್ರ. ಎರಡು ಕಿಲೋ ಇಳಿದ ರೋಗಿಗೆ ಹಸಿರು ಬಣ್ಣದಲ್ಲಿ ಶಾಬಾಸ್ ಹೇಳುವಂಥವೂ ಇವೆ. ಆರು ತಿಂಗಳಲ್ಲಿ 5 ಶೇಕಡಾಕ್ಕಿಂತ ಹೆಚ್ಚು ತೂಕ ತಾನಾಗಿ ಇಳಿದರೆ, ಅಂದರೆ 60 ಕಿಲೋ ಇದ್ದವರು 57ಕ್ಕಿಂತ ಕೆಳಗೆ ಹೋದರೆ, ವೈದ್ಯರು ಅದನ್ನು ಎಚ್ಚರಿಕೆ ಎಂದು ನೋಡುತ್ತಾರೆ. ಮೊದಲೇ ತೆಳ್ಳಗಿದ್ದವರಿಗೆ 2 ಶೇಕಡಾ ದಾಟಿದರೂ ಸಾಕು. ಇನ್ನೊಂದು ತೊಂದರೆ, ಯಾರು ನಿಂತರು ಎಂದು ಆ್ಯಪ್ ತೂಕದ ಅಂದಾಜಿನಿಂದ ಗುರುತಿಸುವುದು. ಅಪ್ಪನ ತೂಕ ಇಳಿಯುತ್ತ ಮಗಳ ತೂಕದ ಹತ್ತಿರ ಬಂದಾಗ ಅಪ್ಪನ ಲೆಕ್ಕ ಮಗಳ ಖಾತೆಗೆ ಬೀಳುತ್ತದೆ, ಅಪ್ಪನ ಗೆರೆ ಅಲ್ಲಿಗೇ ನಿಂತು ಎಲ್ಲ ಸರಿ ಇದ್ದಂತೆ ಕಾಣುತ್ತದೆ. ಆ್ಯಪ್ ಹಾಕಲೇಬೇಡಿ. ಗೋಡೆಯ ಕ್ಯಾಲೆಂಡರಿನ ಆಯಾ ತಾರೀಕಿನ ಚೌಕದಲ್ಲೇ ತೂಕ ಬರೆಯಿರಿ, ಪಕ್ಕದಲ್ಲಿ ಬಾವು ಇದ್ದರೆ 'ಬಾ', ಭೇದಿ ಇದ್ದರೆ 'ಭೇ'. ಕೀಮೋಗೆ ಹೋಗುವಾಗ ಅದರ ಫೋಟೋ ತೋರಿಸಿ. ಕೀಮೋ ಔಷಧಿಯ ಪ್ರಮಾಣವನ್ನು ಎತ್ತರ, ತೂಕದಿಂದಲೇ ಲೆಕ್ಕ ಹಾಕುವುದರಿಂದ ಡಾಕ್ಟರಿಗೂ ಅದು ಬೇಕು. ಪಂಚಾಯತಿನ ಪಾಲಿಯೇಟಿವ್ (ನೋವು ಶಮನದ ಆರೈಕೆಯ) ನರ್ಸ್ ಮನೆಗೆ ಬಂದಾಗ, ಅವರು ಮಲಯಾಳ ಮಾತಾಡುವವರಾದರೂ, ಸಂಖ್ಯೆ ಓದಲು ಭಾಷೆಯ ಅಡ್ಡಿ ಇಲ್ಲ.

ಆ ಗುರುತುಗಳು ಯಾಕೆಂದರೆ, ಒಂದೆರಡು ದಿನದಲ್ಲಿ ಇಳಿದ ಒಂದು ಕಿಲೋ ಊಟದ ಕೊರತೆಯಿಂದ ಆದದ್ದಲ್ಲ, ನೀರು ಹೋದದ್ದು. ಚೀಲಕ್ಕೆ ದಿನಕ್ಕೆ ಒಂದೂವರೆ ಲೀಟರಿಗಿಂತ ಹೆಚ್ಚು ಹೋಗುತ್ತಿದ್ದರೆ ಬರೀ ನೀರು, ಎಳನೀರು ಕುಡಿಸಿ ಸರಿಹೋಗದು. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಬೇಕಾದ ಸೋಡಿಯಂ ಕಡಿಮೆ. ಓಆರ್‌ಎಸ್, ಉಪ್ಪು ಹಾಕಿದ ಗಂಜಿ ಕೊಟ್ಟು, ಅದೇ ದಿನ ಆಸ್ಪತ್ರೆಗೆ ಫೋನ್ ಮಾಡಬೇಕು. ಎರಡು ಮೂರು ವಾರ ಮೆಲ್ಲಮೆಲ್ಲನೆ ಇಳಿದದ್ದು ಊಟದ ಲೆಕ್ಕ. ಆಗ ಮೇಲೆ ಹೇಳಿದ 300 ಕಿಲೋಕ್ಯಾಲರಿ ಏರಿಸಲು ಟಿನ್ನಿನ ಪುಡಿಯೇ ಆಗಬೇಕೆಂದಿಲ್ಲ. ಕುಚ್ಚಲಕ್ಕಿ ಗಂಜಿಗೆ ಎರಡು ಟೀ ಚಮಚ ತೆಂಗಿನೆಣ್ಣೆ (ಸುಮಾರು 85), ಒಂದು ಬೇಯಿಸಿದ ಮೊಟ್ಟೆ (70, ಪ್ರೋಟೀನ್ 6 ಗ್ರಾಂ), 200 ಮಿ.ಲೀ. ಹಾಲು (130ರ ಆಸುಪಾಸು) ಸೇರಿದರೆ ಹತ್ತಿರ ಹತ್ತಿರ ಅಷ್ಟಾಯಿತು. ಮೀನು ತಿನ್ನುವವರಿಗೆ 100 ಗ್ರಾಂ ಬೂತಾಯಿಯಲ್ಲಿ ಸುಮಾರು 20 ಗ್ರಾಂ ಪ್ರೋಟೀನ್ ಉಂಟು. ಕೀಮೋ ಭೇದಿ ಇರುವ ದಿನಗಳಲ್ಲಿ ಹಾಲು, ಹೆಚ್ಚು ಎಣ್ಣೆ ಬೇಡ.

ಕೊಳ್ಳುವುದಾದರೆ, ಆರುನೂರು-ಎಂಟುನೂರರ ಸಾದಾ ಡಿಜಿಟಲ್ ಮಿಷನ್ ಕೊಳ್ಳಿ: ಅಗಲವಾದ ಹಲಗೆ, ದೊಡ್ಡ ಅಕ್ಷರ, ಅಂಗಡಿಯಲ್ಲಿ ಸಿಗುವ ಎಎಎ ಸೆಲ್. ಸ್ಮಾರ್ಟ್ ಮಿಷನ್ ಈಗಾಗಲೇ ಮನೆಯಲ್ಲಿದ್ದರೆ ಬಿಸಾಡುವುದು ಬೇಡ, ಪೇಸ್‌ಮೇಕರ್ ಇಲ್ಲದವರನ್ನು ಸಾಕ್ಸ್ ಹಾಕಿ ನಿಲ್ಲಿಸಿದರೆ ಅದೂ ಸಾದಾ ಮಿಷನ್ನೇ. ಹೊಸತು ತರುವಾಗ ಅಂಗಡಿಯಲ್ಲೇ ಡಬ್ಬಿ ಬಿಚ್ಚಿಸಿ ನಿಂತು ನೋಡಿ, ಬಾಟ್ಲಿಯ ಪರೀಕ್ಷೆ ಮಾಡಿ. ಅಡಿಯ ಗುಂಡಿ ಎಲ್ಲಿದೆ ನೋಡಿಟ್ಟುಕೊಳ್ಳಿ, ಅದು ಒತ್ತಿ ಹೋದರೆ ಕಿಲೋ ಇದ್ದದ್ದು ಪೌಂಡ್ ಆಗಿ 60ರವರು 132 ಎಂದು ಕಾಣಿಸುತ್ತಾರೆ. ಮಳೆಗಾಲದಲ್ಲಿ ಸೆಲ್ ಕೂರುವ ಜಾಗದ ತಗಡಿಗೆ ಹಸಿರು ಕಿಲುಬು ಹಿಡಿಯುತ್ತದೆ. ತಿಂಗಳಿಗೊಮ್ಮೆ ಒಣ ಬಟ್ಟೆಯಿಂದ ಒರೆಸಿ, ಸೆಲ್ ಬದಲಿಸಿದ ದಿನ ತೂಕ ಗೊತ್ತಿರುವ ಐದು ಕಿಲೋದ ಅಕ್ಕಿ ಚೀಲ ಹಿಡಿದು ನಿಂತು ಒಮ್ಮೆ ತಾಳೆ ನೋಡಿ.